ನೆರಳು ಬೇಡುವ ಹುಳಿ: ಮೊಡವೆ ಕಲೆ ಮಾಸಿಸುವ ಪದ್ಧತಿಯ ಚರಿತ್ರೆ

ಮೊಡವೆ ಒಣಗಿದ ಮೇಲೆ ಮುಖದಲ್ಲಿ ಉಳಿಯುವ ಕಲೆಯನ್ನು ಮಾಸಿಸಲು ಚರ್ಮದ ಮೇಲ್ಪದರವನ್ನೇ ಆಮ್ಲದಿಂದ ಸಡಿಲಿಸಿ ಉದುರಿಸುವ ಚಿಕಿತ್ಸೆಗೆ ಇಂದು ಕೆಮಿಕಲ್ ಪೀಲ್ ಎಂಬ ಹೆಸರು ಬಳಕೆಯಲ್ಲಿದೆ. ಚರ್ಮದ ಹೊರಮೈಯಲ್ಲಿರುವ ಸತ್ತ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಬಂಧ ಆಮ್ಲದಿಂದ ಸಡಿಲಗೊಂಡಾಗ ಆ ಪದರ ಕೆಲವು ದಿನಗಳಲ್ಲಿ ಉದುರುತ್ತದೆ. ಅದರೊಂದಿಗೆ ಅಲ್ಲಿ ಸೇರಿಕೊಂಡಿದ್ದ ಮೆಲನಿನ್ ಎಂಬ ವರ್ಣದ್ರವ್ಯವೂ ಕಳಚಿಹೋಗಿ, ಕೆಳಗಿನಿಂದ ಹೊಸ ಪದರ ಮೇಲೆ ಬರುತ್ತದೆ. ಮೊಡವೆ ಬಿಟ್ಟುಹೋಗುವ ಗುರುತುಗಳಲ್ಲಿ ಉರಿಯೂತ ತಣಿದ ಮೇಲೆ ನಿಲ್ಲುವ ಕಂದು ಅಥವಾ ಕಪ್ಪು ಕಲೆ, ರಕ್ತನಾಳಗಳು ಹಿಗ್ಗಿ ಕಾಣುವ ಕೆಂಪು ಗುರುತು, ಚರ್ಮದ ಆಳದಲ್ಲಿ ಕೊಲಾಜನ್ ಎಂಬ ಆಧಾರನಾರು ನಾಶವಾಗಿ ಬೀಳುವ ಗುಳಿ ಎಂದು ಮೂರು ಬಗೆಗಳಿದ್ದು, ಸೌಮ್ಯವಾದ ಆಮ್ಲ ಸರಿಯಾಗಿ ತಲುಪುವುದು ಇವುಗಳಲ್ಲಿ ಮೊದಲನೆಯದನ್ನು ಮಾತ್ರ.

ಈ ಪದ್ಧತಿಯ ಚರಿತ್ರೆಯನ್ನು ಸಾಮಾನ್ಯವಾಗಿ ಆಮ್ಲಗಳ ಶೋಧದ ಚರಿತ್ರೆಯಾಗಿ ಹೇಳಲಾಗುತ್ತದೆ. ಆದರೆ ವೈದ್ಯಸಂಹಿತೆಗಳ ಕಾಲದ ಮುಖಲೇಪದಿಂದ ಇಂದಿನ ಆಮ್ಲದ ಸೀಸೆಯವರೆಗೆ ಹಚ್ಚುವ ದ್ರವ್ಯದ ಜೊತೆಗೇ ಒಂದು ನಿಬಂಧನೆಯೂ ಬಂದಿದೆ. ಹಚ್ಚಿಕೊಂಡವರು ಬಿಸಿಲಿಗೆ ಹೋಗಬಾರದು ಎಂಬುದೇ ಆ ನಿಬಂಧನೆ. ಅದನ್ನು ಪಾಲಿಸಲು ಯಾವ ಕಾಲದಲ್ಲಿ ಯಾರಿಗೆ ಅನುಕೂಲವಿತ್ತು ಎಂಬ ಪ್ರಶ್ನೆಯನ್ನು ಅರಮನೆಯ ಕಡೆಯಿಂದಲೂ ಹೊಲದ ಕಡೆಯಿಂದಲೂ ಕೇಳಿ ನೋಡಿದಾಗ ಈ ಚರಿತ್ರೆಗೆ ಬೇರೊಂದು ರೂಪ ಸಿಗುತ್ತದೆ.

ಹಾಗೆ ಕೇಳುವುದಕ್ಕೆ ಕೋಲಾರ ಜಿಲ್ಲೆಯ ಕುರುಡುಮಲೆ ತಕ್ಕ ಊರು. ಮುಳಬಾಗಿಲಿನ ಸಮೀಪ, ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಒಣ ಬಯಲಿನಲ್ಲಿರುವ ಈ ಊರು ಏಕಶಿಲೆಯ ಬೃಹತ್ ಗಣಪತಿಗೂ ಸೋಮೇಶ್ವರ ದೇವಾಲಯಕ್ಕೂ ಹೆಸರಾಗಿದ್ದು, ಅದರ ಸುತ್ತಲಿನ ಬದುಕು ನಿಂತಿರುವುದು ರಾಗಿ, ಟೊಮೆಟೊ, ರೇಷ್ಮೆ, ಹೈನು ಮತ್ತು ಮಾವಿನ ಮೇಲೆ. ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿಯಲ್ಲಿ ಟೊಮೆಟೊದ ದೊಡ್ಡ ಮಾರುಕಟ್ಟೆಯಿದೆ, ಪಕ್ಕದ ಶ್ರೀನಿವಾಸಪುರ ಮಾವಿನ ಸೀಮೆಯೆಂದೇ ಪ್ರಸಿದ್ಧ. ಎರಡೂ ಬೆಳೆಗಳ ಕೆಲಸ ನಡೆಯುವುದು ಬಯಲಿನ ಬಿಸಿಲಿನಲ್ಲಿ.

ಮೊಡವೆಯ ವರ್ಣನೆ ಭಾರತೀಯ ವೈದ್ಯಗ್ರಂಥಗಳಲ್ಲಿ ಬಹಳ ಹಿಂದೆಯೇ ಬರುತ್ತದೆ. ಸುಶ್ರುತಸಂಹಿತೆ ಅದನ್ನು ಕ್ಷುದ್ರರೋಗಗಳ, ಎಂದರೆ ಸಣ್ಣಪುಟ್ಟ ವ್ಯಾಧಿಗಳ, ಸಾಲಿನಲ್ಲಿಟ್ಟು, ಹರೆಯದವರ ಮುಖದ ಮೇಲೆ ಬೂರುಗದ ಮುಳ್ಳಿನಂತೆ ಏಳುವ ಗುಳ್ಳೆಯೆಂದು ಹೇಳುತ್ತದೆ ಮತ್ತು ಮುಖವನ್ನು ಕೆಡಿಸುವುದೆಂಬ ಅರ್ಥದಲ್ಲಿ ಮುಖದೂಷಿಕೆ ಎಂದು ಕರೆಯುತ್ತದೆ. ಇದಕ್ಕೆ ಲೋಧ್ರದ ತೊಗಟೆ, ಕೊತ್ತಂಬರಿ ಬೀಜ ಮತ್ತು ಬಜೆಯನ್ನು ಅರೆದು ಹಚ್ಚುವ ಲೇಪ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಸುಮಾರು 7ನೆಯ ಶತಮಾನದ ವಾಗ್ಭಟನ ಅಷ್ಟಾಂಗಹೃದಯ ಮುಖಲೇಪಗಳನ್ನು ದೋಷ ಕಳೆಯುವುದು, ವಿಷ ಕಳೆಯುವುದು, ಬಣ್ಣ ತರುವುದು ಎಂದು ಮೂರಾಗಿ ವಿಂಗಡಿಸಿ, ಆರು ಋತುಗಳಿಗೆ ಆರು ಬೇರೆ ಬೇರೆ ಲೇಪಗಳನ್ನು ಸೂಚಿಸುತ್ತದೆ. ಲೇಪದ ದಪ್ಪ ಅಂಗುಲದ ಕಾಲು ಭಾಗ, ಮೂರನೆಯ ಒಂದು ಭಾಗ ಅಥವಾ ಅರ್ಧ ಇರಬೇಕು, ಅದು ಒಣಗುವವರೆಗೆ ಮುಖದ ಮೇಲೆ ಬಿಡಬಾರದು, ಒಣಗಿದ ಲೇಪ ಕಾಂತಿಯನ್ನು ಕೆಡಿಸುವುದರಿಂದ ಅದನ್ನು ನೆನೆಸಿಯೇ ತೆಗೆಯಬೇಕು, ತೆಗೆದ ಮೇಲೆ ಎಣ್ಣೆ ಸವರಬೇಕು ಎಂಬ ವಿಧಿಗಳೆಲ್ಲ ಅಲ್ಲಿ ಕ್ರಮವಾಗಿ ಬಂದು, ಅವುಗಳ ಬೆನ್ನಿಗೇ ಲೇಪ ಹಚ್ಚಿಕೊಂಡವರು ಹಗಲು ನಿದ್ದೆ, ಮಾತು, ಬೆಂಕಿ, ಬಿಸಿಲು, ಶೋಕ ಮತ್ತು ಕೋಪವನ್ನು ಬಿಡಬೇಕೆಂಬ ಸೂಚನೆ ಬರುತ್ತದೆ. ಬೆಂಕಿಯನ್ನೂ ಬಿಸಿಲನ್ನೂ ಒಟ್ಟಿಗೆ ಬಿಡಬಲ್ಲವರು ಒಲೆಯ ಮುಂದೆ ಕೂರಬೇಕಾಗಿಲ್ಲದ, ಹೊಲಕ್ಕೆ ಹೋಗಬೇಕಾಗಿಲ್ಲದ ಜನ ಮಾತ್ರ; ಆದ್ದರಿಂದ ಈ ವಿಧಿ ಬಿಡುವುಳ್ಳ ಮನೆತನವನ್ನು ಉದ್ದೇಶಿಸಿದ್ದೆಂಬುದು ಅದರ ಒಳಗಿನಿಂದಲೇ ತಿಳಿಯುತ್ತದೆ.

ಲೇಪ ಸೌಮ್ಯವಾದ ದಾರಿಯಾದರೆ, ಇಂದಿನ ಪೀಲ್‌ಗೆ ಹೆಚ್ಚು ಹತ್ತಿರವಾದದ್ದು ಸುಶ್ರುತಸಂಹಿತೆಯ ಕ್ಷಾರಕರ್ಮ. ಗಿಡಮರಗಳನ್ನು ಸುಟ್ಟ ಬೂದಿಯನ್ನು ನೀರಿನಲ್ಲಿ ಕಲಸಿ, ಸೋಸಿ, ಕುದಿಸಿ ಪಡೆಯುವ ಸುಡುವ ದ್ರವ್ಯಕ್ಕೆ ಕ್ಷಾರವೆಂದು ಹೆಸರು. ಅದನ್ನು ಮೃದು, ಮಧ್ಯಮ, ತೀಕ್ಷ್ಣ ಎಂಬ ಮೂರು ಬಲಗಳಲ್ಲಿ ತಯಾರಿಸಲಾಗುತ್ತಿತ್ತು. ಹೊರಗೆ ಹಚ್ಚುವ ಕ್ಷಾರ ಸಲ್ಲುವ ರೋಗಗಳ ಪಟ್ಟಿಯಲ್ಲಿ ಮಚ್ಚೆ ಮತ್ತು ಚರ್ಮದ ಗಂಟುಗಳ ಜೊತೆಗೆ ವ್ಯಂಗ, ಎಂದರೆ ಕನ್ನಡದ ಮಾತಿನಲ್ಲಿ ಬಂಗು ಎನಿಸುವ ಮುಖದ ಕಪ್ಪು ಮಚ್ಚೆಯೂ ಸೇರಿದೆ. ಹಚ್ಚಿದ ಮೇಲೆ ಉಚ್ಚಾರದ ನೂರು ಮಾತ್ರೆಗಳನ್ನು ಎಣಿಸುವಷ್ಟು ಹೊತ್ತು ಕಾಯಬೇಕು, ಸರಿಯಾಗಿ ಸುಟ್ಟ ಜಾಗ ಮಾಗಿದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಆಗ ಹುಳಿಗಂಜಿಯಂಥ ಆಮ್ಲದಿಂದ ತೊಳೆದು ಉರಿಯನ್ನು ಶಮನಗೊಳಿಸಬೇಕು ಎಂಬುದು ಪರಂಪರೆಯ ವಿಧಾನ. ಕ್ಷಾರ ಆಮ್ಲದೊಂದಿಗೆ ಕೂಡಿದಾಗ ತನ್ನ ತೀಕ್ಷ್ಣತೆಯನ್ನು ಬಿಟ್ಟು ಮಧುರವಾಗುತ್ತದೆಂದು ಗ್ರಂಥವೇ ಅದರ ಕಾರಣವನ್ನೂ ಕೊಡುತ್ತದೆ. ಇಂದಿನ ಚರ್ಮವೈದ್ಯರು ಗ್ಲೈಕೋಲಿಕ್ ಆಮ್ಲ ಹಚ್ಚಿ ನಿಗದಿತ ನಿಮಿಷಗಳ ನಂತರ ಅಡುಗೆ ಸೋಡದ ದ್ರಾವಣದಿಂದ ಅದರ ಕೆಲಸವನ್ನು ನಿಲ್ಲಿಸುವುದು ಇದೇ ಕ್ರಿಯೆಯ ತಿರುಗುಮುರುಗು ರೂಪ.

ಕನ್ನಡ ನಾಡಿನಲ್ಲಿ ಈ ವಿದ್ಯೆ ಸಂಸ್ಕೃತ ಗ್ರಂಥಗಳಲ್ಲಿಯೇ ಉಳಿಯಲಿಲ್ಲ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ರಚಿಸಿದ ಲೋಕೋಪಕಾರ ಕೃಷಿ, ನೀರು, ಅಡುಗೆ, ಸುಗಂಧ ಮತ್ತು ವೈದ್ಯಗಳನ್ನು ಒಂದೇ ಗ್ರಂಥದಲ್ಲಿ ತಂದು ಗೃಹಸ್ಥರ ಕೈಗೆ ಕೊಡಲು ಯತ್ನಿಸಿತು. 12ನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಪೂರೈಸಿದ ಮಾನಸೋಲ್ಲಾಸದಲ್ಲಿ ಸ್ನಾನಕ್ಕೂ ಮೈಗೆ ಹಚ್ಚುವ ವಿಲೇಪನಕ್ಕೂ ಪ್ರತ್ಯೇಕ ಪ್ರಕರಣಗಳಿವೆ. ಅಲ್ಲಿ ಇವೆರಡೂ ಅರಸನ ಉಪಭೋಗಗಳ ಸಾಲಿನಲ್ಲಿ ಬರುವುದು ಗಮನಾರ್ಹ. ವೈದ್ಯಗ್ರಂಥ ಚಿಕಿತ್ಸೆಯೆಂದು ಕಂಡದ್ದನ್ನು ರಾಜಗ್ರಂಥ ಸುಖವೆಂದು ಕಂಡಿತು.

ಹಳ್ಳಿಯ ಮನೆಗಳಲ್ಲಿ ಇದರ ಸರಳ ರೂಪ ಬೇರೊಂದು ದಾರಿಯಲ್ಲಿ ಬೆಳೆಯಿತು. ಕಡಲೆಹಿಟ್ಟು, ಹೆಸರುಹಿಟ್ಟು, ಅರಿಶಿನ, ಮೊಸರು, ಕೆನೆ, ನಿಂಬೆಹಣ್ಣು ಇವು ಕೋಲಾರ ಸೀಮೆಯನ್ನೂ ಒಳಗೊಂಡು ಹಳೆಯ ಮೈಸೂರಿನ ಎಲ್ಲ ಕಡೆ ಎಣ್ಣೆಸ್ನಾನದ ಮತ್ತು ಮುಖ ತೊಳೆಯುವ ಸಾಮಗ್ರಿಗಳು. ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಮೊಸರಿನಲ್ಲಿ ಶೇಕಡ 1ರ ಆಸುಪಾಸಿನಷ್ಟು ಲ್ಯಾಕ್ಟಿಕ್ ಆಮ್ಲವಿರುತ್ತದೆ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವೂ ನಿಂಬೆಯಲ್ಲಿ ಸಿಟ್ರಿಕ್ ಆಮ್ಲವೂ ಪ್ರಧಾನವಾಗಿವೆ. ಇವೆಲ್ಲ ಇಂದು ಆಲ್ಫಾ ಹೈಡ್ರಾಕ್ಸಿ ಆಮ್ಲ ಎಂದು ಕರೆಯಲಾಗುವ ಒಂದೇ ಗುಂಪಿಗೆ ಸೇರುತ್ತವೆ. ಮೊಸರಿನ ಲೇಪ ನಿರಪಾಯಕರವಾಗಿ ಉಳಿದದ್ದು ಅದರ ಬಲ ಕಡಿಮೆಯಾದ್ದರಿಂದ, ಮತ್ತು ಅದು ಬಚ್ಚಲುಮನೆಯಲ್ಲಿ ಕೆಲವೇ ನಿಮಿಷಗಳಲ್ಲಿ ತೊಳೆದುಹೋಗುತ್ತಿದ್ದುದರಿಂದ. ನಿಂಬೆರಸದ ಮಾತು ಬೇರೆ. ಆಮ್ಲದ ತೀಕ್ಷ್ಣತೆಯನ್ನು ಅಳೆಯುವ ಪಿಎಚ್ ಎಂಬ ಮಾನದಲ್ಲಿ, ಅಂಕಿ ಇಳಿದಷ್ಟೂ ತೀಕ್ಷ್ಣತೆ ಏರುವ ಆ ಮಾನದಲ್ಲಿ, ಅದು 2ರಿಂದ 2.5ರ ಸುಮಾರಿನಲ್ಲಿರುತ್ತದೆ, ನಿಂಬೆಜಾತಿಯ ಹಣ್ಣುಗಳ ರಸ ಮತ್ತು ಸಿಪ್ಪೆಯ ಕೆಲವು ಅಂಶಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಬೊಬ್ಬೆಯೆದ್ದು ಕಪ್ಪು ಗುರುತು ನಿಲ್ಲುವುದೂ ಉಂಟು.

ಚರ್ಮ ಸುಡುವ ರಸಗಳ ಪರಿಚಯ ಈ ಸೀಮೆಗೆ ದುಡಿಮೆಯ ಮೂಲಕವೂ ಇತ್ತು. ಮಾವಿನ ತೊಟ್ಟು ಮುರಿದಾಗ ಚಿಮ್ಮುವ ಸೊನೆ ತಾಗಿದ ಕಡೆ ಉರಿದು, ಸಿಪ್ಪೆ ಸುಲಿದು, ಕಪ್ಪು ಕಲೆ ಉಳಿಯುತ್ತದೆಂಬುದು ಕಾಯಿ ಕೀಳುವವರಿಗೆ ತಿಳಿದ ವಿಷಯ. ಮಾವಿನಲ್ಲಿರುವ ಈ ಕೆರಳಿಸುವ ಅಂಶಗಳು ರಿಸಾರ್ಸಿನಾಲ್ ಎಂಬ ರಾಸಾಯನಿಕದ ಉದ್ದ ಸರಪಳಿಯ ಸಂಬಂಧಿಗಳು. ಅದೇ ರಿಸಾರ್ಸಿನಾಲ್ ಯುರೋಪಿನ ಪೀಲ್ ದ್ರಾವಣಗಳಲ್ಲಿ ಮುಖ್ಯ ದ್ರವ್ಯವಾಯಿತು. ನರುಳ್ಳೆ ಉದುರಿಸಲು ಸುಣ್ಣವನ್ನೂ ಎಕ್ಕದ ಅಥವಾ ಕಳ್ಳಿಯ ಹಾಲನ್ನೂ ತಾಗಿಸುವ ರೂಢಿ ನಾಡಿನ ಹಲವು ಕಡೆ ಇದ್ದು, ಅದು ಕ್ಷಾರಕರ್ಮದ ಮನೆಮದ್ದಿನ ರೂಪವೆನ್ನಬಹುದು. ಆದರೆ ಇಂಥ ಸುಡುವ ವಸ್ತುವನ್ನು ಒಂದು ಬಿಂದುವಿನಷ್ಟು ಜಾಗಕ್ಕೆ ಮಾತ್ರ ತಾಗಿಸಲಾಗುತ್ತಿತ್ತೇ ಹೊರತು ಇಡೀ ಮುಖಕ್ಕೆ ಹಚ್ಚುತ್ತಿರಲಿಲ್ಲ.

ಮೊಡವೆ ಕಲೆಗೆ ಇಂದಿರುವ ಮಹತ್ವ ಹಿಂದೆ ಇರದಿದ್ದುದಕ್ಕೆ ಸಿಡುಬೂ ಒಂದು ಕಾರಣವಾಗಿರಬಹುದು. ಮೈಸೂರು ಅರಮನೆಯಲ್ಲಿ 1805ರ ಸುಮಾರಿಗೆ ಥಾಮಸ್ ಹಿಕಿ ಬಿಡಿಸಿದ ಮೂವರು ರಾಜಸ್ತ್ರೀಯರ ಚಿತ್ರವನ್ನು ಇತಿಹಾಸಕಾರರು ಆಗತಾನೆ ಬಂದಿದ್ದ ಸಿಡುಬಿನ ಲಸಿಕೆಯ ಪ್ರಚಾರದೊಂದಿಗೆ ಜೋಡಿಸುತ್ತಾರೆ. ಆ ರಾಜಸ್ತ್ರೀಯರಲ್ಲೊಬ್ಬರ ಬಾಯಿಯ ಸುತ್ತ ಕಾಣುವ ಬಣ್ಣದ ವ್ಯತ್ಯಾಸವನ್ನು ಹಳೆಯ ಪದ್ಧತಿಯ ಸಿಡುಬು ಹಾಕಿಸುವಿಕೆಯ ಗುರುತೆಂದು ಓದಿದವರೂ ಇದ್ದಾರೆ. ಬದುಕುಳಿದವರ ಮುಖದಲ್ಲಿ ಆಳವಾದ ಗುಳಿಗಳನ್ನು ಬಿಡುತ್ತಿದ್ದ ಈ ರೋಗ ಭಾರತದಿಂದ ತೊಲಗಿದ್ದು 1975ರಲ್ಲಿ. ಅಲ್ಲಿಂದ ಮುಂದೆ ಹರೆಯದ ಮುಖದ ಮೇಲಿನ ಮುಖ್ಯ ಗುರುತು ಮೊಡವೆಯದ್ದೇ ಆಯಿತು.

ಆಧುನಿಕ ಪೀಲ್ ಹುಟ್ಟಿದ್ದು 19ನೆಯ ಶತಮಾನದ ಜರ್ಮನ್ ಭಾಷಿಕ ವೈದ್ಯರ ನಡುವೆ. ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ ಬಂಗು ಮತ್ತು ಮುಖದ ಚುಕ್ಕೆಗಳಿಗೆ ತೀಕ್ಷ್ಣ ದ್ರವ್ಯಗಳನ್ನು ಬಳಸಿದನು. ಹ್ಯಾಂಬರ್ಗ್‌ನ ಪೌಲ್ ಗೆರ್ಸನ್ ಉನ್ನಾ 1882ರಲ್ಲಿ ಸ್ಯಾಲಿಸಿಲಿಕ್ ಆಮ್ಲ, ರಿಸಾರ್ಸಿನಾಲ್, ಫೀನಾಲ್ ಮತ್ತು ಟ್ರೈಕ್ಲೋರೋ ಅಸಿಟಿಕ್ ಆಮ್ಲಗಳ ಗುಣವನ್ನು ವಿವರಿಸಿದನು. ಮುಂದೆ ಮ್ಯಾಕ್ಸ್ ಜೆಸ್ನರ್ ಹೆಸರಿನಲ್ಲಿ ಪ್ರಸಿದ್ಧವಾದ ದ್ರಾವಣದಲ್ಲಿ ರಿಸಾರ್ಸಿನಾಲ್, ಸ್ಯಾಲಿಸಿಲಿಕ್ ಆಮ್ಲ, ಲ್ಯಾಕ್ಟಿಕ್ ಆಮ್ಲ ಮೂರೂ ತಲಾ ಶೇಕಡ 14ರಷ್ಟಿದ್ದು ಮದ್ಯಸಾರದಲ್ಲಿ ಕರಗಿರುತ್ತವೆ. ಈ ಔಷಧಿಗಳು ರೂಪುಗೊಂಡದ್ದು ಬಿಳಿಚರ್ಮದ ಮೇಲೆ. 1975ರಲ್ಲಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಬಿಸಿಲಿಗೆ ಚರ್ಮ ತೋರುವ ಪ್ರತಿಕ್ರಿಯೆಯ ಆಧಾರದ ಮೇಲೆ ಆರಂಭಿಸಿ ಮುಂದೆ ಆರು ವರ್ಗಗಳಿಗೆ ವಿಸ್ತರಿಸಿದ ವಿಂಗಡಣೆಯಲ್ಲಿ ಹೆಚ್ಚಿನ ಭಾರತೀಯರು 4 ಮತ್ತು 5ನೆಯ ವರ್ಗಗಳಿಗೆ ಸೇರುತ್ತಾರೆ. ಇಂಥ ಚರ್ಮ ಸುಲಭವಾಗಿ ಬಿಸಿಲಿಗೆ ಬೇಯದಿದ್ದರೂ, ಯಾವುದೇ ಗಾಯ ಅಥವಾ ಉರಿಯೂತಕ್ಕೆ ಮೆಲನಿನ್ನನ್ನು ಹೆಚ್ಚಿಸಿ ಉತ್ತರ ಕೊಡುತ್ತದೆ. ಕಲೆ ತೆಗೆಯಲು ಹಚ್ಚಿದ ಆಮ್ಲ ಬೇಕಾದುದಕ್ಕಿಂತ ಸ್ವಲ್ಪ ಆಳಕ್ಕಿಳಿದರೆ ಮೊದಲಿಗಿಂತ ದೊಡ್ಡ ಕಲೆ ಬೀಳುವುದು ಈ ಕಾರಣದಿಂದ.

ಪೀಲ್ ಮನೆಯೊಳಗೆ ಬರಲು ದಾರಿ ತೆರೆದದ್ದು 1974ರಲ್ಲಿ ಯೂಜೀನ್ ವ್ಯಾನ್ ಸ್ಕಾಟ್ ಮತ್ತು ರೂಯಿ ಯೂ ಪ್ರಕಟಿಸಿದ ಆಲ್ಫಾ ಹೈಡ್ರಾಕ್ಸಿ ಆಮ್ಲಗಳ ಅಧ್ಯಯನ. ಮೀನಿನ ಹುರುಪೆಯಂತೆ ಚರ್ಮ ಒಣಗುವ ಇಕ್ತಿಯೋಸಿಸ್ ಎಂಬ ರೋಗಕ್ಕೆ ಅವರು ಹುಡುಕಿದ ಮದ್ದು 1990ರ ದಶಕದಲ್ಲಿ ಸೌಂದರ್ಯಸಾಧನಗಳ ಉದ್ಯಮವನ್ನು ಪ್ರವೇಶಿಸಿತು. 1998ರಲ್ಲಿ ಅಮೆರಿಕದ ಸೌಂದರ್ಯದ್ರವ್ಯ ಪರಿಶೀಲನಾ ತಜ್ಞರ ಮಂಡಳಿ ಮನೆಬಳಕೆಗೆ ಆಮ್ಲದ ಪ್ರಮಾಣ ಶೇಕಡ 10ನ್ನು ಮೀರಬಾರದು, ಪಿಎಚ್ 3.5ಕ್ಕಿಂತ ಇಳಿಯಬಾರದು, ತರಬೇತಾದವರ ಕೈಯಲ್ಲಿ ಶೇಕಡ 30 ಮತ್ತು ಪಿಎಚ್ 3.0ರವರೆಗೆ ಹೋಗಬಹುದು, ಎರಡು ಸಂದರ್ಭಗಳಲ್ಲೂ ಬಿಸಿಲಿನಿಂದ ರಕ್ಷಣೆ ಬೇಕು ಎಂಬ ಮಿತಿಯನ್ನು ಸೂಚಿಸಿತು. ಅಡುಗೆಮನೆಯ ನಿಂಬೆರಸ ಈ ಮಿತಿಯ ಆಚೆ ನಿಲ್ಲುತ್ತದೆಂಬುದರಿಂದ ಮನೆಯ ವಸ್ತುವೆಲ್ಲ ಸೌಮ್ಯವೆಂಬ ನಂಬಿಕೆಯೂ, ಸೀಸೆಯ ವಸ್ತುವೆಲ್ಲ ಕ್ರೂರವೆಂಬ ನಂಬಿಕೆಯೂ ಒಟ್ಟಿಗೆ ಬೀಳುತ್ತವೆ. ಭಾರತದ ಚರ್ಮವೈದ್ಯರ ಸಂಘ 2008ರಲ್ಲಿ ಪ್ರಕಟಿಸಿದ ಮಾರ್ಗದರ್ಶಿ ಪೀಲ್‌ಗಳನ್ನು ಅವು ಇಳಿಯುವ ಆಳಕ್ಕೆ ತಕ್ಕಂತೆ ವಿಂಗಡಿಸಿ, ಭಾರತೀಯ ಚರ್ಮಕ್ಕೆ ಆಳದ ಪೀಲ್ ಸಲ್ಲದೆಂದು ಎಚ್ಚರಿಸಿತು.

ಈ ಎಚ್ಚರಿಕೆಯ ಹೊರತಾಗಿಯೂ ಆನ್‌ಲೈನ್ ವ್ಯಾಪಾರ ಶೇಕಡ 30ರ ಆಮ್ಲವನ್ನು ಪಾರ್ಸೆಲ್ ತಲುಪುವ ಯಾವ ಊರಿಗಾದರೂ ಒಯ್ಯಬಲ್ಲದಾಯಿತು. ಸ್ಯಾಲಿಸಿಲಿಕ್ ಆಮ್ಲ ಹಳ್ಳಿಗೆ ಹೊಸದೇನಲ್ಲ. ಕಾಲಿನ ಆಣಿಗೆ ಅಂಟಿಸುವ ಕಾರ್ನ್ ಕ್ಯಾಪ್ ಅದರಿಂದಲೇ ಕೆಲಸ ಮಾಡುತ್ತದೆ. ಹೊಸದಾದದ್ದು ಅದನ್ನು ಮುಖಕ್ಕೆ ತಾನೇ ಹಚ್ಚಿಕೊಂಡು, ನಿಮಿಷವನ್ನು ತಾನೇ ಎಣಿಸಿ, ಯಾವಾಗ ನಿಲ್ಲಿಸಬೇಕೆಂಬುದನ್ನು ತಾನೇ ನಿರ್ಧರಿಸುವ ರೂಢಿ. ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ಹೀಗೆಯೇ ಸ್ವಂತವಾಗಿ ಮುಖಕ್ಕೆ ಹಚ್ಚಿಕೊಳ್ಳುವ ಅಭ್ಯಾಸ ವ್ಯಾಪಕವಾದಾಗ ಭಾರತ ಸರಕಾರ 2018ರಲ್ಲಿ ಅವುಗಳಲ್ಲಿ ಹಲವನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಗೆ ಸೇರಿಸಿತ್ತು. 2024ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ತೀಕ್ಷ್ಣ ಪೀಲ್‌ಗಳನ್ನು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಮನೆಯಲ್ಲಿ ಬಳಸಬಾರದೆಂದು ಸಾರ್ವಜನಿಕರಿಗೆ ತಿಳಿಸಿತು.

ಮುಖಲೇಪ, ಕ್ಷಾರಕರ್ಮ, ಆಸ್ಪತ್ರೆಯ ಪೀಲ್ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ದ್ರವ್ಯದ ಬಲ, ಹಚ್ಚಿಡುವ ಹೊತ್ತು, ನಂತರದ ನೆರಳು ಎಂಬ ಮೂರು ಅಳತೆಗಳು ಕಾಣುತ್ತವೆ. ಇವುಗಳಲ್ಲಿ ಮೊದಲೆರಡನ್ನು ಸೀಸೆಯ ಮೇಲೆ ಅಚ್ಚುಹಾಕಿ ಮಾರಬಹುದು. ಮೂರನೆಯದನ್ನು ಕೊಂಡವರು ತಮ್ಮ ಬದುಕಿನಿಂದಲೇ ಒದಗಿಸಿಕೊಳ್ಳಬೇಕು. ಮಾನಸೋಲ್ಲಾಸದ ಅರಸನಿಗೆ ಅದು ಅರಮನೆಯಲ್ಲಿಯೇ ಇತ್ತು, ನಗರದ ಕಚೇರಿಯಲ್ಲಿ ಕೂರುವವರಿಗೆ ಬಹುಮಟ್ಟಿಗೆ ಇದೆ, ಆದರೆ ಬೆಳಗಿನಿಂದ ಟೊಮೆಟೊ ಬಿಡಿಸುವ ಅಥವಾ ಮಾವಿನ ತೋಪಿನಲ್ಲಿ ದುಡಿಯುವ ಕುರುಡುಮಲೆಯ ಕಡೆಯ ತರುಣ ತರುಣಿಯರಿಗೆ ವಾರಗಟ್ಟಲೆ ಬಿಸಿಲು ತಪ್ಪಿಸುವುದೆಂದರೆ ಕೂಲಿಯನ್ನೇ ತಪ್ಪಿಸಿಕೊಂಡಂತೆ. ಮೊಡವೆಯ ಕಂದು ಕಲೆ, ಹೊಸ ಮೊಡವೆ ಏಳದಂತೆ ನೋಡಿಕೊಂಡು ಮುಖವನ್ನು ಬಿಸಿಲಿನಿಂದ ಮುಚ್ಚಿಕೊಂಡರೆ, ಅನೇಕರಲ್ಲಿ ಕೆಲವು ತಿಂಗಳುಗಳಿಂದ ಒಂದೆರಡು ವರ್ಷಗಳೊಳಗೆ ತಾನಾಗಿಯೇ ಮಾಸುತ್ತದೆ. ಗುಳಿಗಳಿಗೆ ಮನೆಯ ಆಮ್ಲ ಹೇಗೂ ನಾಟುವುದಿಲ್ಲ. ಆದ್ದರಿಂದ ಬಯಲಿನಲ್ಲಿ ದುಡಿಯುವವರ ಮಟ್ಟಿಗೆ ವಾಗ್ಭಟನ ವಿಧಿಯಲ್ಲಿ ಹಚ್ಚುವ ಕ್ರಮದ ನಂತರ ಬರುವ ಬಿಸಿಲಿನ ನಿಷೇಧವೇ ಮೊದಲು ಓದಬೇಕಾದ ಭಾಗ: ತಲೆಗೆ ಸುತ್ತಿದ ವಸ್ತ್ರ, ಅಗಲ ಅಂಚಿನ ಟೋಪಿ ಅಥವಾ ಸನ್‌ಸ್ಕ್ರೀನ್‌ನಿಂದ ಆ ನೆರಳನ್ನು ಒದಗಿಸಿಕೊಳ್ಳಲು ಆಗದಿದ್ದಲ್ಲಿ ಆಮ್ಲದ ಸೀಸೆಯನ್ನು ತೆರೆಯದಿರುವುದೇ ಈ ದೀರ್ಘ ಪರಂಪರೆಗೆ ಒಪ್ಪುವ ನಡೆ.