ಬೀಗದ ಕೈ ಹಿಡಿದವರ ಓದು

ನಮ್ಮ ಬಹುಪಾಲು ಗ್ರಾಮೀಣ ಶಾಲೆಗಳಲ್ಲಿ ಗ್ರಂಥಪಾಲಕರೆಂಬ ಪ್ರತ್ಯೇಕ ಹುದ್ದೆಯಿಲ್ಲ. ಯಾರಾದರೊಬ್ಬ ಶಿಕ್ಷಕರಿಗೆ ಪುಸ್ತಕದ ಬೀರುವಿನ ಬೀಗದ ಕೈಯನ್ನೂ ದಾಸ್ತಾನು ವಹಿಯನ್ನೂ ಒಪ್ಪಿಸಲಾಗುತ್ತದೆ. ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಾದವರು ಅವರೇ. ಹೀಗಾಗಿ ಪುಸ್ತಕಗಳೇನೋ ಭದ್ರವಾಗಿರುತ್ತವೆ! ಅವುಗಳನ್ನು ಓದಿ ತಿಳಿದಿರುವುದೂ ಆ ಹೊಣೆಯ ಒಂದು ಭಾಗವೆಂದು ಹೇಳುವವರು ವಿರಳ. ಆದರೆ ಗ್ರಂಥಪಾಲಕನ ಓದು ಎಂಥ ಫಲ ಕೊಡಬಲ್ಲದೆಂಬುದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ನಿದರ್ಶನವಿದೆ.

ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. ಅಲ್ಲಿ ಗ್ರಂಥಪಾಲಕರಾಗಿದ್ದವರು ಕಾವೇರಿ ತೀರದ ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳು (1868–1944). ತಂಜಾವೂರು ಸೀಮೆಯ ಪಂಡಿತರೊಬ್ಬರು ಆ ಗ್ರಂಥಾಲಯಕ್ಕೆ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಕ್ರಮಸಂಖ್ಯೆ ಕೊಟ್ಟು, ವಹಿಯಲ್ಲಿ ಹೆಸರು ಬರೆದು, ಕಪಾಟಿನಲ್ಲಿ ಇಟ್ಟುಬಿಟ್ಟಿದ್ದರೂ ಅವರನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರ! ದಂಡಿ, ಬಾಣ ಮೊದಲಾದವರ ಕೃತಿಗಳಲ್ಲಿ ಬರುವ ಉಲ್ಲೇಖಗಳಿಂದಷ್ಟೇ ವಿದ್ವಾಂಸರಿಗೆ ಪರಿಚಿತವಾಗಿದ್ದ, ಕಳೆದೇಹೋಯಿತೆಂದು ತಿಳಿಯಲಾಗಿದ್ದ ಗ್ರಂಥವದು. 1905ರಿಂದ ಅದರ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ಪ್ರಕಟಿಸತೊಡಗಿದರು. 1909ರಲ್ಲಿ ಮೂಲಪಾಠವನ್ನೂ 1915ರಲ್ಲಿ ಪೂರ್ಣ ಅನುವಾದವನ್ನೂ ಹೊರತಂದರು. ಪ್ರಾಚೀನ ಭಾರತೀಯರಿಗೆ ರಾಜ್ಯಾಡಳಿತದ ಚಿಂತನೆ ಅಷ್ಟಾಗಿ ಇರಲಿಲ್ಲವೆಂಬ ಅಂದಿನ ಅಭಿಪ್ರಾಯ ಅಲ್ಲಿಗೆ ಅಲುಗಾಡಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಆ ಕಟ್ಟಿನ ಬೆಲೆ ಅರಿಯಲು ಆ ಕಟ್ಟೊಂದನ್ನೇ ಓದಿದರೆ ಸಾಲದು. ಇತರ ಗ್ರಂಥಗಳನ್ನೂ ಓದಿರಬೇಕು. ಅಲ್ಪಸ್ವಲ್ಪ ಓದಿದವರ ಕೈಯಲ್ಲಿ ಅದು ಹಳೆಯ ಗರಿಗಳ ಮತ್ತೊಂದು ಹೊರೆಯಾಗಿ ಉಳಿದುಬಿಡುತ್ತಿತ್ತು.

ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರು ಇದನ್ನೇ ಶಾಸ್ತ್ರವಾಗಿ ರೂಪಿಸಿದರೆನ್ನಬಹುದು. 1931ರಲ್ಲಿ ಅವರು ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಎರಡು, ಓದುಗನಿಗೆ ತಕ್ಕ ಪುಸ್ತಕ ಸಿಗಬೇಕು, ಪುಸ್ತಕಕ್ಕೂ ತಕ್ಕ ಓದುಗ ಸಿಗಬೇಕು ಎಂಬವು. ಇಬ್ಬರನ್ನೂ ಬಲ್ಲವರು ನಡುವೆ ನಿಲ್ಲದೆ ಈ ಸಂಬಂಧ ಕುದುರುವುದಾದರೂ ಹೇಗೆ? ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದು, 1972ರಲ್ಲಿ ಅಲ್ಲಿಯೇ ನಿಧನರಾದರು. (ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಸಹ ಮಿಲಾನಿನ ಅಂಬ್ರೋಸಿಯನ್ ಗ್ರಂಥಾಲಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದವರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.)

ಹಳ್ಳಿಯ ಶಾಲೆಗೆ ಶಾಮಾಶಾಸ್ತ್ರಿಗಳಂಥ ಪಂಡಿತರು ಬೇಕೆಂದು ಯಾರೂ ಕೇಳುವುದಿಲ್ಲ. ಬೋಧನೆ, ಗಣತಿ, ಚುನಾವಣಾ ಕೆಲಸಗಳ ನಡುವೆ ಶಿಕ್ಷಕರಿಗೆ ಬಿಡುವೂ ಅಷ್ಟಕ್ಕಷ್ಟೇ. ಪ್ರತಿಯೊಂದು ಪುಸ್ತಕವನ್ನೂ ಕೊನೆಯ ಪುಟದವರೆಗೆ ಓದಬೇಕಾಗಿಯೂ ಇಲ್ಲ. ಮುನ್ನುಡಿ, ಪರಿವಿಡಿ, ನಡುವಿನ ನಾಲ್ಕಾರು ಪುಟಗಳಷ್ಟಾದರೂ ಸಾಕು. ಆದರೆ ತಮಗೆ ಇಷ್ಟವಾದ ವಿಷಯಕ್ಕೇ ಅಂಟಿಕೊಳ್ಳಬಾರದು. ಕಾದಂಬರಿಪ್ರಿಯರು ವಿಜ್ಞಾನದ ಪುಸ್ತಕವನ್ನೂ ತೆರೆದು ನೋಡಬೇಕು.

ತರೀಕೆರೆ ತಾಲ್ಲೂಕಿನ ಲಿಂಗದಹಳ್ಳಿಯನ್ನೇ ತೆಗೆದುಕೊಳ್ಳೋಣ. ಕೆಮ್ಮಣ್ಣುಗುಂಡಿಯ ದಾರಿಯಲ್ಲಿರುವ ಈ ಹೋಬಳಿ ಕೇಂದ್ರದ ಮಗುವಿಗೆ ಹಳಗನ್ನಡದ ಜನ್ನ ಎಂದರೆ ಪರೀಕ್ಷೆಯ ಎರಡು ಅಂಕಗಳ ಪ್ರಶ್ನೆಯಷ್ಟೇ ಆಗಿರಬಹುದು. 1209ರ ‘ಯಶೋಧರ ಚರಿತೆ’ಯ ಗದ್ಯಾನುವಾದವೊಂದು ಬೀರುವಿನಲ್ಲಿದ್ದರೂ ಆ ಮಗು ಕೇಳದು. ಅದೇ ತಾಲ್ಲೂಕಿನ ಅಮೃತಾಪುರದಲ್ಲಿ, 1196ರ ಅಮೃತೇಶ್ವರ ದೇಗುಲದ ಬಳಿಯಿರುವ ಶಿಲಾಶಾಸನದಲ್ಲಿ ಜನ್ನನ ಪದ್ಯಗಳಿವೆ. ಸಾಹಿತ್ಯದ ಜೊತೆಗೆ ಊರಿನ ಚರಿತ್ರೆಯನ್ನೂ ಓದಿದ ಶಿಕ್ಷಕಿಯೊಬ್ಬರು, “ಈ ಕವಿಯ ಮಾತು ನಮ್ಮ ಅಮೃತಾಪುರದ ಕಲ್ಲಿನಲ್ಲೇ ಇದೆ ಕಣಮ್ಮ, ರಜೆಯಲ್ಲಿ ಹೋದಾಗ ನೋಡು” ಎಂದು ಪುಸ್ತಕವನ್ನು ಮಗುವಿನ ಕೈಗಿತ್ತರೆ, ಆ ಸಂಜೆ ಅದು ಬೀರುವಿನಲ್ಲಿ ಉಳಿಯುವುದಿಲ್ಲ.