ಡಾರ್ಸಿಯ ಪಾತ್ರವೂ ಪ್ರೇಕ್ಷಕರ ವಿನೋದಾನುರಾಗವೂ

ನಾಟಕಕಲೆಯ ಚರಿತ್ರೆಯನ್ನು ಬರೆದ ವಿದ್ವಾಂಸರು ಕವಿಗಳನ್ನೂ ನಟರನ್ನೂ ರಂಗಮಂದಿರಗಳನ್ನೂ ಕುರಿತು ವಿಸ್ತಾರವಾಗಿ ವಿಚಾರಮಾಡಿರುವರು. ಪ್ರೇಕ್ಷಕರ ವಿಷಯದಲ್ಲಿ ಅಷ್ಟೇ ಶ್ರದ್ಧೆಯನ್ನು ವಹಿಸಿದಂತೆ ತೋರುವುದಿಲ್ಲ. ಅದರಲ್ಲಿಯೂ, ಒಬ್ಬ ನಟನು ಧರಿಸಿದ ಪಾತ್ರಕ್ಕೆ ಮನಸೋತು, ಆ ಸೋಲನ್ನು ಸ್ತ್ರೀಯರು ತಮ್ಮ ಗೆಳತಿಯರೊಡನೆ ನಗುನಗುತ್ತ ಹೇಳಿಕೊಳ್ಳುವ ಪದ್ಧತಿಯೊಂದುಂಟು. ಇದನ್ನು ವಿನೋದಾನುರಾಗವೆಂದು ಕರೆಯಬಹುದು. ಇದು ಹುಚ್ಚೆಂದೂ ಭ್ರಾಂತಿಯೆಂದೂ ಒಂದೇ ಮಾತಿನಲ್ಲಿ ತಳ್ಳಿಹಾಕಲ್ಪಟ್ಟಿರುವುದೇ ಹೆಚ್ಚು. ಆದರೆ ಇದಕ್ಕೂ ಒಂದು ಚರಿತ್ರೆಯುಂಟು. ಅದನ್ನು ಸ್ಥಾಪಿಸಲು ತಕ್ಕ ಆಧಾರಗಳೂ ಉಂಟು. ಆಂಗ್ಲದೇಶದಲ್ಲಿ ೧೯೯೫ರಲ್ಲಿ ದೂರದರ್ಶನದ ಒಂದು ಪಾತ್ರದ ಸುತ್ತ ಬೆಳೆದ ಅಭಿಮಾನವನ್ನು ಆ ಆಧಾರಗಳೊಡನೆ ಹೋಲಿಸಿ ನೋಡಿದರೆ, ಭ್ರಾಂತಿಯ ಆರೋಪವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ಗೊತ್ತಾಗುವುದು.

ಜೇನ್ ಆಸ್ಟೆನ್ ಎಂಬ ಕಾದಂಬರಿಕರ್ತ್ರಿಯ 'ಪ್ರೈಡ್ ಅಂಡ್ ಪ್ರೆಜುಡಿಸ್' ಗ್ರಂಥವು ೧೮೧೩ನೆಯ ಇಸವಿ ಜನವರಿ ೨೮ರಂದು ಪ್ರಕಟವಾಯಿತು. ಗರ್ವಿಷ್ಠನೆಂದು ಮೊದಲು ಕಾಣಿಸಿಕೊಂಡು, ಕಡೆಗೆ ಉದಾರಚರಿತನೆಂದು ತಿಳಿದುಬರುವ ಡಾರ್ಸಿಯು ಇದರ ನಾಯಕ. ಈ ಕಥೆಯು ಬ್ರಿಟಿಷ್ ದೂರದರ್ಶನಕ್ಕೆ ಹೊಸದಾಗಿರಲಿಲ್ಲ; ೧೯೫೨ರಲ್ಲಿ ಪೀಟರ್ ಕುಷಿಂಗನೂ ೧೯೮೦ರಲ್ಲಿ ಡೇವಿಡ್ ರಿಂಟೂಲನೂ ಡಾರ್ಸಿಯ ಪಾತ್ರವನ್ನು ವಹಿಸಿದ್ದರು. ೧೯೯೫ರ ಸೆಪ್ಟೆಂಬರ್ ೨೪ರಿಂದ ಅಕ್ಟೋಬರ್ ೨೯ರವರೆಗೆ ಆರು ಭಾನುವಾರಗಳಲ್ಲಿ ಬಿ. ಬಿ. ಸಿ. ಸಂಸ್ಥೆಯು ಪ್ರಸಾರಮಾಡಿದ ಧಾರಾವಾಹಿಯಲ್ಲಿ ಈ ಪಾತ್ರವು ಕಾಲಿನ್ ಫರ್ತನದಾಯಿತು. ನಾಯಿಕೆಯಾದ ಎಲಿಜಬೆತ್ತಳಾಗಿ ಜೆನಿಫರ್ ಈಲಿ ಅಭಿನಯಿಸಿದಳು. ನಾಟಕರೂಪವನ್ನು ರಚಿಸಿದವನು ಆಂಡ್ರೂ ಡೇವೀಸ್. ನಿರ್ದೇಶಕನು ಸೈಮನ್ ಲ್ಯಾಂಗ್ಟನ್.

ಡೇವೀಸನು ಮೂಲಗ್ರಂಥಕ್ಕೆ ಮಾಡಿದ ಒಂದು ಮುಖ್ಯವಾದ ಮಾರ್ಪಾಟು ಇಲ್ಲಿ ಗಮನಿಸತಕ್ಕುದು. ಕಾದಂಬರಿಯಲ್ಲಿ ಕಥೆಯು ಬಹುಮಟ್ಟಿಗೆ ಎಲಿಜಬೆತ್ತಳ ದೃಷ್ಟಿಯನ್ನನುಸರಿಸಿ ನಡೆಯುತ್ತದೆ. ಡಾರ್ಸಿಯು ಏಕಾಂತದಲ್ಲಿ ಏನು ಮಾಡುವನು, ಏನು ನೆನೆಯುವನು ಎಂಬುದು ವಾಚಕರಿಗೆ ಮರೆಯಾಗಿಯೇ ಉಳಿಯುವುದು. ಡೇವೀಸನು ಈ ತೆರೆಯನ್ನು ಸರಿಸಿದನು. ಡಾರ್ಸಿಯು ಸ್ನಾನಮಾಡುವುದು, ಕತ್ತಿವರಸೆಯನ್ನು ಅಭ್ಯಾಸಮಾಡುವುದು, ರಾತ್ರಿಯೆಲ್ಲ ಎಚ್ಚತ್ತಿದ್ದು ಪತ್ರವನ್ನು ಬರೆಯುವುದು ಮುಂತಾದ ದೃಶ್ಯಗಳನ್ನು ಹೊಸದಾಗಿ ಸೇರಿಸಿದನು. ಇವುಗಳಲ್ಲಿ ಪ್ರಸಿದ್ಧವಾದುದು ಕೊಳದ ದೃಶ್ಯ. ತನ್ನ ಪೆಂಬರ್ಲಿ ಮಹಲಿಗೆ ಕುದುರೆಯೇರಿ ಬಂದ ಡಾರ್ಸಿಯು ಬೇಸಗೆಯ ಸೆಕೆಯನ್ನು ಕಳೆದುಕೊಳ್ಳಲು ಕೊಳಕ್ಕೆ ಧುಮುಕುವನು. ಬಳಿಕ ಒದ್ದೆಯಾದ ಬಿಳಿಯಂಗಿಯಲ್ಲಿಯೇ ನಡೆದುಬರುತ್ತಿರುವಾಗ ಎಲಿಜಬೆತ್ತಳನ್ನು ಎದುರುಗೊಂಡು ಮಾತು ತಡವರಿಸುವನು. ಚೆಷೈರ್ ಪ್ರಾಂತದ ಲೈಮ್ ಪಾರ್ಕಿನಲ್ಲಿ ಚಿತ್ರಿತವಾದ ಈ ಪ್ರಸಂಗವು ಕಾದಂಬರಿಯಲ್ಲಿ ಇಲ್ಲವೇ ಇಲ್ಲ. ಪುರುಷನು ನೋಡುವುದು, ಸ್ತ್ರೀಯು ನೋಡಿಸಿಕೊಳ್ಳುವುದು ಎಂಬ ಹಳೆಯ ಕ್ರಮವು ಇಲ್ಲಿ ತಲೆಕೆಳಗಾಯಿತು. ನಾಯಕನೇ ನೋಟಕ್ಕೆ ವಿಷಯನಾದನು; ಅವನು ನಾಚಿದನು, ಪ್ರೇಕ್ಷಕಿಯರು ನೋಡಿದರು.

ಇದರ ಪರಿಣಾಮವು ಕೂಡಲೇ ಕಾಣಿಸಿತು. ಕಡೆಯ ಭಾಗವು ಪ್ರಸಾರವಾಗುವುದಕ್ಕೆ ಮುಂಚಿನ ವಾರದಲ್ಲಿ ಮಾರಾಟಕ್ಕೆ ಬಂದ ವೀಡಿಯೋ ಕ್ಯಾಸೆಟ್ಟುಗಳ ಮೊದಲ ೧೨,೦೦೦ ಪ್ರತಿಗಳು ಎರಡು ಗಂಟೆಗಳೊಳಗೆ ಮುಗಿದುಹೋದುವು; ಮೊದಲನೆಯ ವಾರ ಕಳೆಯುವುದರೊಳಗೆ ೭೦,೦೦೦ ಪ್ರತಿಗಳು ಮಾರಿದುವು. ಕೆಲವು ದಿನಗಳಲ್ಲಿ ತಮ್ಮ ಮನೆಯಲ್ಲಿಯೇ ಹಣವಿಲ್ಲದೆ ನೋಡಬಹುದಾಗಿದ್ದುದನ್ನು ಜನರು ಹಣ ಕೊಟ್ಟು ಕೊಂಡರೆಂಬುದು ಅರ್ಥವತ್ತಾಗಿದೆ. ಅವರಿಗೆ ಬೇಕಾಗಿದ್ದುದು ಕಥೆಯ ಮುಕ್ತಾಯವಲ್ಲ. ಕಂಡ ದೃಶ್ಯವನ್ನು ಮತ್ತೆ ಕಾಣುವ, ಇತರರನ್ನು ಕೂಡಿಸಿಕೊಂಡು ಕಾಣುವ ಸೌಕರ್ಯ. ಪತ್ರಿಕೆಗಳು ಈ ಅಭಿಮಾನಕ್ಕೆ 'ಡಾರ್ಸಿಮೇನಿಯ' ಎಂದು ಹೆಸರಿಟ್ಟುವು. ಆ ಹೆಸರಿನಲ್ಲಿಯೇ ಉನ್ಮಾದವೆಂಬ ತೀರ್ಪು ಅಡಗಿರುವುದು.

ಈ ತೀರ್ಪು ಸರಿಯೇ? ಉನ್ಮತ್ತರಾದವರು ಕಲ್ಪನೆಯನ್ನೂ ವಾಸ್ತವವನ್ನೂ ಬೇರ್ಪಡಿಸಲಾರರು. ಅಭಿಮಾನಿನಿಯರು ಈ ಬಗೆಯವರಾಗಿದ್ದರೆ ಅವರ ಪ್ರೀತಿಯು ಫರ್ತನೆಂಬ ವ್ಯಕ್ತಿಗೇ ಅಂಟಿಕೊಳ್ಳಬೇಕಾಗಿತ್ತು. ಸಂಗತಿಗಳು ಬೇರೆ ರೀತಿಯಾಗಿವೆ. ಕೊಳಕ್ಕೆ ಧುಮುಕಿದವನು ಫರ್ತನಲ್ಲ, ಅವನಿಗೆ ಬದಲಾಗಿ ಬಂದ ಒಬ್ಬ ಸಾಹಸಗಾರ. ನೀರಿನೊಳಗೆ ಈಜುವ ಭಾಗವನ್ನು ಫರ್ತನಿಂದಲೇ ಲಂಡನ್ನಿನ ಈಲಿಂಗ್ ಸ್ಟುಡಿಯೋದ ತೊಟ್ಟಿಯೊಂದರಲ್ಲಿ ಪ್ರತ್ಯೇಕವಾಗಿ ಚಿತ್ರಿಸಿದರು. ಈ ವಿಷಯವು ಎಲ್ಲರಿಗೂ ತಿಳಿದ ಮೇಲೆಯೂ ದೃಶ್ಯದ ಮೇಲಣ ಮಮತೆಯು ಕಡಮೆಯಾಗಲಿಲ್ಲ. ಇಬ್ಬರು ಮನುಷ್ಯರೂ ಎರಡು ಬೇರೆಬೇರೆ ನೀರುಗಳೂ ಸೇರಿ ಆದ ಆ ಡಾರ್ಸಿಯೇ ಅವರಿಗೆ ಪ್ರಿಯನಾಗಿದ್ದವನು.

ಇದಕ್ಕಿಂತಲೂ ವಿಚಿತ್ರವಾದ ಮತ್ತೊಂದು ಸಂಗತಿಯಿದೆ. ೨೦೧೩ರ ಜುಲೈ ತಿಂಗಳಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಸರ್ಪೆಂಟೈನ್ ಸರೋವರದಲ್ಲಿ ೧೨ ಅಡಿಯ ಪ್ರತಿಮೆಯೊಂದನ್ನು ನಿಲ್ಲಿಸಿದರು. ಒದ್ದೆಯಂಗಿಯ ಡಾರ್ಸಿಯು ಸೊಂಟದವರೆಗೆ ನೀರಿನಿಂದ ಮೇಲೆದ್ದು ಬರುವ ಭಂಗಿ ಅದು. ಧಾರಾವಾಹಿಯಲ್ಲಿ ಅವನು ಧುಮುಕುವುದುಂಟು, ಈಜುವುದುಂಟು, ಒದ್ದೆಬಟ್ಟೆಯಲ್ಲಿ ಹುಲ್ಲುಗಾವಲಿನ ಮೇಲೆ ನಡೆಯುವುದುಂಟು; ನೀರಿನಿಂದ ಮೇಲೆದ್ದು ಬರುವ ನೋಟವು ಮಾತ್ರ ಇಲ್ಲ. ಹದಿನೆಂಟು ವರ್ಷಗಳ ಕಾಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಬಂದು ಜನರೇ ಆ ನೋಟವನ್ನು ಕಲ್ಪಿಸಿಕೊಂಡಿದ್ದರು. ಪುರಾಣಕಥೆಗಳು ಬಾಯಿಂದ ಬಾಯಿಗೆ ಸಾಗುವಾಗ ಬೆಳೆಯುವಂತೆಯೇ ಈ ಪಾತ್ರವೂ ಬೆಳೆಯಿತು. ಇಲ್ಲಿ ಪ್ರೇಕ್ಷಕರು ಕೇವಲ ಗ್ರಾಹಕರಾಗಿ ಉಳಿಯದೆ, ಸಹಕರ್ತೃಗಳಾಗಿರುವರು.

ಅಭಿಮಾನಿನಿಯರು ತಮ್ಮನ್ನು ತಾವೇ ನೋಡಿ ನಗಬಲ್ಲವರಾಗಿದ್ದರೆಂಬುದಕ್ಕೆ ಸಾಹಿತ್ಯದಲ್ಲಿಯೇ ಸಾಕ್ಷ್ಯವಿದೆ. ಹೆಲೆನ್ ಫೀಲ್ಡಿಂಗ್ ಎಂಬ ಲೇಖಕಿಯು ೧೯೯೫ರಲ್ಲಿ 'ದಿ ಇಂಡಿಪೆಂಡೆಂಟ್' ಪತ್ರಿಕೆಯಲ್ಲಿ ಬ್ರಿಜೆಟ್ ಜೋನ್ಸ್ ಎಂಬ ಕಲ್ಪಿತಸ್ತ್ರೀಯ ದಿನಚರಿಯನ್ನು ಬರೆಯತೊಡಗಿದಳು. ೧೯೯೬ರಲ್ಲಿ ಅದು ಕಾದಂಬರಿಯಾಗಿ ಹೊರಬಂದಿತು. ಅದರ ನಾಯಿಕೆಯೂ ಈ ಧಾರಾವಾಹಿಗೆ ಮನಸೋತವಳು. ಅವಳ ಪಾಲಿಗೆ ಬಂದ ನಾಯಕನ ಹೆಸರು ಮಾರ್ಕ್ ಡಾರ್ಸಿ. ೧೯೯೯ರಲ್ಲಿ ಪ್ರಕಟವಾದ ಎರಡನೆಯ ಭಾಗದಲ್ಲಿ ಬ್ರಿಜೆಟ್ಟಳು ಪತ್ರಿಕೆಯ ಪರವಾಗಿ ಕಾಲಿನ್ ಫರ್ತನನ್ನೇ ಸಂದರ್ಶಿಸಲು ಹೋಗಿ, ಅವನ ಹೊಸ ಚಿತ್ರದ ವಿಷಯವನ್ನು ಬಿಟ್ಟು, ಒದ್ದೆಯಂಗಿಯ ವಿಷಯವನ್ನೇ ಮತ್ತೆ ಮತ್ತೆ ಕೇಳುವಳು. ಇಲ್ಲಿ ಪರಿಹಾಸಕ್ಕೆ ಗುರಿಯಾದವಳು ಅಭಿಮಾನಿನಿ, ಪರಿಹಾಸಮಾಡಿದವಳೂ ಅಭಿಮಾನಿನಿ, ಓದಿ ನಕ್ಕವರೂ ಅವರೇ. ಭ್ರಾಂತರಿಗೆ ಈ ಬಗೆಯ ನಗೆ ಸಾಧ್ಯವಲ್ಲ. ವಿನೋದವು ವಿದ್ವಾಂಸರನ್ನೂ ಮುಟ್ಟದೆ ಬಿಡಲಿಲ್ಲ. ಗಂಡಿಲಿಯ ಮೂತ್ರದಲ್ಲಿದ್ದು ಹೆಣ್ಣಿಲಿಗಳನ್ನು ಆಕರ್ಷಿಸುವ ಪ್ರೋಟೀನೊಂದಕ್ಕೆ ಲಿವರ್‌ಪೂಲ್ ವಿಶ್ವವಿದ್ಯಾನಿಲಯದ ಶಾಸ್ತ್ರಜ್ಞರು ೨೦೧೦ರಲ್ಲಿ 'ಡಾರ್ಸಿನ್' ಎಂದು ನಾಮಕರಣ ಮಾಡಿದರು.

ಇದು ದೂರದರ್ಶನದಿಂದಲೇ ಹುಟ್ಟಿದ ಅಭ್ಯಾಸವೆಂದು ಭಾವಿಸುವುದೂ ಸರಿಯಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಂಗಭೂಮಿಯಲ್ಲಿ ಲೂಯಿಸ್ ವಾಲರ್ (೧೮೬೦-೧೯೧೫) ಎಂಬ ನಟನು ವೀರಶೃಂಗಾರಪಾತ್ರಗಳಲ್ಲಿ ಹೆಸರು ಪಡೆದಿದ್ದನು. ಅವನ ಅಭಿಮಾನಿನಿಯರ ತಂಡಕ್ಕೆ 'ಕೆ. ಓ. ಡಬ್ಲ್ಯು. ದಳ'ವೆಂದು ಹೆಸರಾಗಿತ್ತು, 'ಕೀನ್ ಆನ್ ವಾಲರ್', ಎಂದರೆ ವಾಲರನಲ್ಲಿ ಮನಸ್ಸಿಟ್ಟವರು ಎಂಬ ಮಾತಿನ ಮೊದಲಕ್ಷರಗಳೇ ಅವು. ಸೈನ್ಯವನ್ನು ಅನುಕರಿಸುವ ಈ ಹೆಸರಿನಲ್ಲಿಯೇ ನಗೆಯಿದೆ. ಏಕಾಂತದಲ್ಲಿ ಕೊರಗುವವರು ದಳ ಕಟ್ಟಿಕೊಳ್ಳುವುದಿಲ್ಲ. ಪ್ರತಿಸ್ಪರ್ಧಿಗಳನ್ನು ಸಹಿಸದಿರುವುದು ನಿಜವಾದ ಪ್ರಣಯದ ಸ್ವಭಾವ. ಹಂಚಿಕೊಂಡಷ್ಟೂ ಹೆಚ್ಚುವುದು ವಿನೋದಾನುರಾಗದ ಸ್ವಭಾವ.

ಇನ್ನೂ ಹಿಂದಕ್ಕೆ ಹೋದರೆ ಡಾರ್ಸಿಯನ್ನು ಸೃಷ್ಟಿಸಿದ ಆಸ್ಟೆನಳೇ ಈ ವಿನೋದದಲ್ಲಿ ನಿಪುಣೆಯಾಗಿದ್ದುದು ಕಂಡುಬರುತ್ತದೆ. ಆಕೆ ೧೮೧೩ರಲ್ಲಿ ತನ್ನ ಅಕ್ಕ ಕಸಾಂಡ್ರಳಿಗೆ ಬರೆದ ಪತ್ರಗಳು ಇದಕ್ಕೆ ಬಲವಾದ ಆಧಾರ. ಸೆಪ್ಟೆಂಬರ್ ತಿಂಗಳಲ್ಲಿ ಅಣ್ಣನ ಮಕ್ಕಳೊಡನೆ ಲಂಡನ್ನಿನ ನಾಟಕಗಳನ್ನು ನೋಡಿದ ಆಸ್ಟೆನಳು, ಹುಡುಗಿಯರಿಗೆ ಡಾನ್ ಜುವಾನನ ಆಟವೇ ಹೆಚ್ಚು ಹಿಡಿಸಿತೆಂದು ತಿಳಿಸಿ, ಆ ಕ್ರೂರನಾದ ಕಾಮುಕನಷ್ಟು ಮನಸ್ಸನ್ನು ಸೆಳೆದ ಪಾತ್ರವನ್ನು ತಾನೂ ರಂಗದ ಮೇಲೆ ಕಾಣಲಿಲ್ಲವೆಂದು ಒಪ್ಪಿಕೊಂಡಿರುವಳು. ಅದೇ ಪತ್ರದಲ್ಲಿ, ಕವಿ ಜಾರ್ಜ್ ಕ್ರ್ಯಾಬನು ನಾಟಕಶಾಲೆಯಲ್ಲಿ ಕಾಣದೆ ತನಗೆ ನಿರಾಶೆಯಾಯಿತೆಂದೂ, ಆಸನದ ಕೋಣೆಗಳಿಗೆ ಕೆಂಪು ಮಕಮಲ್ಲನ್ನು ಹೊದಿಸಿದ್ದುದನ್ನು ಕಂಡು ಅವನು ಬಂದೇ ಇರುವನೆಂದು ನಂಬಿದ್ದೆನೆಂದೂ ಬರೆದಿರುವಳು. ಕ್ರ್ಯಾಬನನ್ನು ಆಕೆ ಕಂಡವಳಲ್ಲ; ಆಕೆಯ ಮಮತೆಯೆಲ್ಲ ಅವನ ಕಾವ್ಯದ ಮೇಲೆ. ಅಕ್ಟೋಬರಿನಲ್ಲಿ ಆ ಕವಿಯ ಪತ್ನೀವಿಯೋಗದ ಸುದ್ದಿ ತಿಳಿದಾಗ, ತಾನು ಅವನನ್ನು ಯಥಾಶಕ್ತಿ ಸಂತೈಸಬಲ್ಲೆನಾದರೂ ಆಕೆಯ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುವೆನೆಂದು ಮಾತು ಕೊಡಲಾರೆನೆಂದು ಅಕ್ಕನೊಡನೆ ಚೇಷ್ಟೆಮಾಡಿರುವಳು. ತಾನು ಮದುವೆಯಾಗುವುದೇ ಆದರೆ ಕ್ರ್ಯಾಬನ ಹೆಂಡತಿಯಾಗಬಹುದೆಂದು ಆಕೆ ನಗೆಗಾಗಿ ಹೇಳುತ್ತಿದ್ದಳೆಂದು ಆಕೆಯ ಸೋದರಳಿಯನೂ ಚರಿತ್ರೆಯಲ್ಲಿ ದಾಖಲಿಸಿರುವನು.

ಅದೇ ವರ್ಷದ ಮೇ ತಿಂಗಳ ಪತ್ರವೊಂದು ಇನ್ನೂ ಹತ್ತಿರದ ನಿದರ್ಶನ. ಚಿತ್ರಪ್ರದರ್ಶನವೊಂದಕ್ಕೆ ಹೋಗಿದ್ದ ಆಸ್ಟೆನಳು, ತನ್ನ ಕಾದಂಬರಿಯ ಜೇನಳನ್ನು ಹೋಲುವ ಚಿತ್ರವೊಂದು ದೊರೆಯಿತೆಂದೂ, ಎಲಿಜಬೆತ್ತಳ ಚಿತ್ರವು ಮಾತ್ರ ಎಲ್ಲಿಯೂ ಕಾಣಲಿಲ್ಲವೆಂದೂ ಬರೆಯುವಳು. ಡಾರ್ಸಿಯು ತನ್ನ ಪತ್ನಿಯ ಚಿತ್ರವನ್ನು ಕಂಡವರ ಕಣ್ಣಿಗೆ ಬೀಳಿಸಲು ಒಪ್ಪನೆಂಬುದೇ ಆಕೆ ಕೊಟ್ಟ ಕಾರಣ. ತಾನೇ ಕಲ್ಪಿಸಿದವರನ್ನು ಜೀವಂತರೆಂಬಂತೆ ನಟಿಸಿ ಸೋದರಿಯರಿಬ್ಬರೂ ಆಡಿದ ಆಟವಿದು. ಕಾದಂಬರಿಯಲ್ಲಿಯೂ ಎಲಿಜಬೆತ್ತಳು ಪೆಂಬರ್ಲಿಯ ಚಿತ್ರಶಾಲೆಯಲ್ಲಿ ಡಾರ್ಸಿಯ ಪಟದ ಮುಂದೆ ನಿಂತು, ಅವನ ವಿಷಯದಲ್ಲಿ ಹಿಂದೆಂದೂ ಇಲ್ಲದ ಮೃದುಭಾವವನ್ನು ತಾಳುವಳು. ಮನುಷ್ಯನಿಗಿಂತ ಮೊದಲು ಅವನ ಪ್ರತಿಬಿಂಬವು ಮನಸ್ಸನ್ನು ತಿದ್ದಿತು. ೧೯೯೫ರ ಪ್ರೇಕ್ಷಕಿಯರು ದೂರದರ್ಶನದ ಪೆಟ್ಟಿಗೆಯ ಮುಂದೆ ಕುಳಿತುದು ಗ್ರಂಥಕ್ಕೆ ತೀರ ಹೊರತಾದ ನಡವಳಿಕೆಯೇನೂ ಅಲ್ಲ.

ಈ ಮನಸ್ಥಿತಿಗೆ ಹೆಸರಿಡಲು ಭಾರತೀಯ ಅಲಂಕಾರಶಾಸ್ತ್ರವು ನೆರವಾಗುವುದು. ರಸವು ಅನುಕಾರ್ಯನಾದ ರಾಮನಲ್ಲಿರುವುದೋ, ನಟನಲ್ಲಿರುವುದೋ, ಸಹೃದಯನಲ್ಲಿರುವುದೋ ಎಂಬ ಚರ್ಚೆಯಲ್ಲಿ ಶ್ರೀಶಂಕುಕನು ಚಿತ್ರತುರಗನ್ಯಾಯವನ್ನು ಹೇಳಿದನು. ಚಿತ್ರದ ಕುದುರೆಯನ್ನು ಕಂಡು ಕುದುರೆಯೆನ್ನುವವನ ಅರಿವು ಯಥಾರ್ಥಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ನಟನನ್ನು ರಾಮನೆನ್ನುವ ಪ್ರೇಕ್ಷಕನ ಅರಿವೂ ಅಂತಹುದೇ. ಶಂಕುಕನ ಮತವನ್ನು ಅಭಿನವಗುಪ್ತನ ಪರಂಪರೆಯು ಪೂರ್ಣವಾಗಿ ಒಪ್ಪದಿದ್ದರೂ ಈ ದೃಷ್ಟಾಂತವು ಪ್ರಸ್ತುತ ವಿಷಯಕ್ಕೆ ಚೆನ್ನಾಗಿ ಹೊಂದುವುದು. ಡಾರ್ಸಿಯನ್ನು ಪ್ರೀತಿಸಿದವರು ಚಿತ್ರದ ಕುದುರೆಯನ್ನು ಏರಲು ಹೋದವರಲ್ಲ. ಅದರ ಓಟವನ್ನು ಕಂಡು ಹಿಗ್ಗಿದವರು.

ಆದರೆ ಈ ವಿನೋದದ ಭಾರವು ನಟನ ಮೇಲೆ ಬೀಳುವುದೆಂಬುದನ್ನು ಮರೆಯಲಾಗದು. ಫರ್ತನು ೧೯೮೮ರ 'ಟಂಬಲ್‌ಡೌನ್' ನಾಟಕದಲ್ಲಿ ಯುದ್ಧದಲ್ಲಿ ಗಾಯಗೊಂಡ ಸೈನಿಕನ ಕಠಿಣಪಾತ್ರವನ್ನು ಆಗಲೇ ನಿರ್ವಹಿಸಿದ್ದನು. ಡಾರ್ಸಿಯ ನಂತರ ಬೇರೆ ಯಾವ ಪಾತ್ರವನ್ನು ಧರಿಸಿದರೂ ಪತ್ರಿಕೆಗಳು ಹಳೆಯ ಅಂಗಿಯನ್ನೇ ನೆನಪಿಸಿದುವು. ಅವನು ಅದರೊಡನೆ ಹೋರಾಡದೆ ಆಟಕ್ಕೆ ತಾನೂ ಸೇರಿದನು. ೨೦೦೧ರ ಚಲಚ್ಚಿತ್ರದಲ್ಲಿ ಬ್ರಿಜೆಟ್ಟಳ ಮಾರ್ಕ್ ಡಾರ್ಸಿಯಾಗಿ ಅಭಿನಯಿಸಿದನು. 'ದಿ ಕಿಂಗ್ಸ್ ಸ್ಪೀಚ್' ಚಿತ್ರದಲ್ಲಿ ಮಾತು ತೊದಲುವ ದೊರೆಯ ಪಾತ್ರಕ್ಕಾಗಿ ೨೦೧೧ರಲ್ಲಿ ಅವನಿಗೆ ಆಸ್ಕರ್ ಪಾರಿತೋಷಕವು ದೊರೆಯಿತು. ಅದಾಗಿ ಎರಡು ವರ್ಷಗಳ ಮೇಲೆ ಸರೋವರದಲ್ಲಿ ಎದ್ದು ನಿಂತುದು ದೊರೆಯ ಪ್ರತಿಮೆಯಲ್ಲ, ಡಾರ್ಸಿಯದು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ, ವಿನೋದಾನುರಾಗವು ಪಾತ್ರವನ್ನು ನಿಮಿತ್ತಮಾಡಿಕೊಂಡು ಸ್ತ್ರೀಯರು ತಮ್ಮತಮ್ಮಲ್ಲಿ ನಡಸಿಕೊಂಡು ಬಂದ ಒಂದು ಸಲ್ಲಾಪ. ವಿವೇಕವು ಅದರಿಂದ ದೂರವಾಗಿರಲಿಲ್ಲ. ಅದರ ಚರಿತ್ರೆಯನ್ನು ಬರೆಯುವುದು ಮಾತ್ರ ಸುಲಭವಲ್ಲ. ಏಕೆಂದರೆ ಸಲ್ಲಾಪವು ಶಾಸನದಂತೆ ಉಳಿಯುವುದಿಲ್ಲ. ಆಸ್ಟೆನಳ ಪತ್ರಗಳಲ್ಲಿ ಬಹುಭಾಗವನ್ನು ಕಸಾಂಡ್ರಳು ತನ್ನ ಮುಪ್ಪಿನಲ್ಲಿ ಸುಟ್ಟುಹಾಕಿದಳು. ಉಳಿದಿರುವುವು ಸುಮಾರು ೧೬೦. ಅವುಗಳಲ್ಲಿ ಕೆಂಪು ಮಕಮಲ್ಲಿನ ಮಾತು ಉಳಿಯದೆ ಹೋಗಿದ್ದರೆ, ಡಾರ್ಸಿಯ ಕರ್ತ್ರಿಯೂ ಅಭಿಮಾನಿನಿಯರ ಬಳಗದವಳೇ ಎಂಬುದಕ್ಕೆ ಆಧಾರವು ಬಹಳ ದುರ್ಬಲವಾಗುತ್ತಿತ್ತು. ೧೯೯೫ರ ಭಾನುವಾರಗಳಂದು ಒಟ್ಟಿಗೆ ಕುಳಿತು ನೋಡಿ ನಕ್ಕವರಲ್ಲಿ ಅನೇಕರು ಈಗಲೂ ಇರುವರು. ಅವರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವುದು, ಶಾಸನದ ಕಲ್ಲನ್ನು ಮಳೆಗಾಳಿಗಳಿಂದ ಕಾಯುವಂತೆಯೇ, ಸಂಶೋಧಕರ ಕರ್ತವ್ಯವಾಗಿದೆ.