ದಾಖಲೆಯೂ ಪ್ರಮಾಣವೂ: ಐಕಳದ ಓಟವನ್ನು ಕುರಿತ ಒಂದು ವಿಚಾರ

2020ರ ಫೆಬ್ರವರಿ ತಿಂಗಳ ಮೊದಲಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಐಕಳದಲ್ಲಿ ನಡೆದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆಯಲ್ಲಿ 142.5 ಮೀಟರ್ ಉದ್ದದ ಕೆಸರಿನ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಇದಕ್ಕೆ ತ್ರೈರಾಶಿಯ ಲೆಕ್ಕ ಹಾಕಿದವರಿಗೆ 100 ಮೀಟರಿಗೆ 9.55 ಸೆಕೆಂಡು ಎಂಬ ಅಂಕ ದೊರೆಯಿತು. ಜಮೈಕದ ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ ನಗರದಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಸುದ್ದಿ ದೇಶವನ್ನೆಲ್ಲ ವ್ಯಾಪಿಸಿತು. ಅಂದಿನ ಕೇಂದ್ರ ಕ್ರೀಡಾಸಚಿವ ಕಿರೆನ್ ರಿಜಿಜು ಅವರು ಗೌಡರನ್ನು ಓಟದ ಪರೀಕ್ಷೆಗೆ ಕರೆಸುವುದಾಗಿ ಸಾರಿದರು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಓಡಿದರು.

ಈ ಅಂಕದ ಹಿಂದೆ ಬರಿಯ ಕುತೂಹಲವಿರಲಿಲ್ಲ. ಜಲ್ಲಿಕಟ್ಟನ್ನು ಕುರಿತ ಸುಪ್ರೀಂ ಕೋರ್ಟಿನ 2014ರ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದಿತ್ತು. 2017ರ ಜನವರಿಯಲ್ಲಿ ಚೆನ್ನೈಯ ಮರೀನಾ ಕಡಲತೀರದಲ್ಲಿ ಜನಸಾಗರವೇ ನೆರೆದ ಬಳಿಕ ತಮಿಳುನಾಡು ತನ್ನ ಕಾಯಿದೆಯನ್ನು ತಿದ್ದಿತು. ಕರ್ನಾಟಕವೂ ಅದೇ ವರ್ಷ ಕಂಬಳಕ್ಕಾಗಿ ತಿದ್ದುಪಡಿಗೆ ಕೈಹಾಕಿತು. ಹೀಗೆ ಅಳಿವಿನಂಚಿನಿಂದ ಮರಳಿದ ಆಟವೊಂದಕ್ಕೆ 9.55 ಎಂಬುದು ಮಾನದ ಪ್ರಶ್ನೆಯಾಯಿತು. ಆದುದರಿಂದಲೇ ಅದನ್ನು ನಂಬಬೇಕೆ ಎಂಬುದಕ್ಕಿಂತ ಅದು ಯಾವ ಬಗೆಯ ಪ್ರಮಾಣವೆಂದು ವಿಚಾರಿಸುವುದು ಯುಕ್ತ.

ನಮ್ಮ ತಾರ್ಕಿಕರು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆಯಾಗಿ ಎಣಿಸಿದರು. ಐಕಳದಲ್ಲಿ ಪ್ರತ್ಯಕ್ಷವಾದುದು 13.62, 9.55 ಕೇವಲ ಅನುಮಾನ. ಈ ಅನುಮಾನದಲ್ಲಿ ದೋಷವೂ ಉಂಟು. ನಿಂತ ನಿಲುವಿನಿಂದ ವೇಗ ಹಿಡಿಯಲು ತಗಲುವ ಕಾಲ ಓಟ ನೀಳವಾದಷ್ಟೂ ಹಂಚಿಹೋಗುತ್ತದೆ. 2009ರಲ್ಲಿ ಬೋಲ್ಟ್ ಮ್ಯಾಂಚೆಸ್ಟರಿನಲ್ಲಿ 150 ಮೀಟರನ್ನು 14.35 ಸೆಕೆಂಡುಗಳಲ್ಲಿ ಓಡಿದನು. ಅದೇ ತ್ರೈರಾಶಿಯಂತೆ 100 ಮೀಟರಿಗೆ 9.57 ಆಗುತ್ತದೆ. ಆ ಓಟದ ಕೊನೆಯ 100 ಮೀಟರಿಗೆ ಅವನಿಗೆ ಹಿಡಿದುದು 8.70 ಸೆಕೆಂಡು ಮಾತ್ರ. ಆದರೂ ಇವೆರಡರಲ್ಲಿ ಯಾವುದೂ ದಾಖಲೆಯ ಪುಟವನ್ನು ಸೇರಲಿಲ್ಲ. ಬೋಲ್ಟನಿಗೇ ಸಲ್ಲದ ಲೆಕ್ಕ ಗೌಡರಿಗೆ ಸಲ್ಲದಿದ್ದರೆ ಅದರಲ್ಲಿ ಪಕ್ಷಪಾತವಿಲ್ಲ.

ಓಟದ ಲೋಕವೂ ತನ್ನ ಪ್ರಮಾಣಗಳನ್ನು ಒಮ್ಮೆಗೇ ಕಂಡುಕೊಳ್ಳಲಿಲ್ಲ. ಕೈಗಡಿಯಾರ ಹಿಡಿದವರ ಬೆರಳನ್ನೇ ಅದು ಬಹುಕಾಲ ನಂಬಿತ್ತು. ಅಲ್ಪದೂರದ ಓಟಗಳ ವಿಶ್ವದಾಖಲೆಗೆ ಸ್ವಯಂಚಾಲಿತ ಯಂತ್ರದ ಎಣಿಕೆ ಕಡ್ಡಾಯವಾದುದು 1977ರಲ್ಲಿ. ಗಾಳಿ ಬೆನ್ನ ಹಿಂದಿನಿಂದ ಸೆಕೆಂಡಿಗೆ 2 ಮೀಟರಿಗಿಂತ ಹೆಚ್ಚು ವೇಗದಲ್ಲಿ ಬೀಸಿದರೆ 100 ಮೀಟರ್ ಓಟದ ದಾಖಲೆ ಸಲ್ಲದು. 1960ರ ರೋಮ್ ಒಲಿಂಪಿಕ್ಸಿನ 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗರಿಗೆ ಕೈಗಡಿಯಾರ 45.6 ಎಂದಿತು, ಯಂತ್ರ 45.73 ಎಂದಿತು. 1998ರಲ್ಲಿ ಪರಮ್‌ಜೀತ್ ಸಿಂಗ್ ಕಲ್ಕತ್ತೆಯಲ್ಲಿ 45.70ರಲ್ಲಿ ಓಡಿದಾಗ, ಒಂದು ಅಂಕದ ಮೇರೆಗೆ ದಾಖಲೆ ಮುರಿದಿತ್ತು, ಇನ್ನೊಂದರ ಮೇರೆಗೆ ಉಳಿದಿತ್ತು. ಓಟಗಾರರಿಬ್ಬರಲ್ಲಿ ಯಾರೂ ಸುಳ್ಳಾಡಿರಲಿಲ್ಲ, ಅಳತೆಗೋಲುಗಳು ಬೇರೆಯಾಗಿದ್ದವು.

ಕಂಬಳಕ್ಕೂ ತನ್ನದೇ ಆದ ಪ್ರಮಾಣವಿದೆ. ಕನೆಹಲಗೆಯ ವಿಭಾಗದಲ್ಲಿ ವೇಗವನ್ನು ಅಳೆಯುವುದಿಲ್ಲ. ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತವನು ನೀರನ್ನು ಎಷ್ಟು ಎತ್ತರಕ್ಕೆ ಚಿಮ್ಮಿಸಿದನೆಂಬುದೇ ಅಲ್ಲಿನ ಪ್ರಶ್ನೆ. ಕರೆಯ ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತದೆ. ನಿಶಾನೆ ಒದ್ದೆಯಾದರೆ ತೀರ್ಮಾನವಾಯಿತು. ನೆರೆದವರ ಕಣ್ಣೇ ಅಲ್ಲಿ ಸಾಕ್ಷಿ. ಆ ಕರೆಯ ಮಟ್ಟಿಗೆ ಈ ಪ್ರಮಾಣ ಪರಿಪೂರ್ಣವಾದುದು. ಹೊರಗಿನವರ ಮುದ್ರೆ ಅದಕ್ಕೆ ಬೇಕಿಲ್ಲ.

ಈ ವಿವೇಕವನ್ನು ಎಲ್ಲರಿಗಿಂತ ಮೊದಲು ತೋರಿದವರು ಶ್ರೀನಿವಾಸ ಗೌಡರೇ. ಕಂಬಳದಲ್ಲಿ ಹಿಮ್ಮಡಿಯೂರಿ ಓಡಬೇಕು, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳ ಮೇಲೆ. ಮೇಲಾಗಿ ಗೆಲುವಿನಲ್ಲಿ ಕೋಣಗಳಿಗೂ ಪಾಲಿದೆ ಎಂದು ಹೇಳಿ ಅವರು ಪರೀಕ್ಷೆಯಿಂದ ಹಿಂದೆ ಸರಿದರು. ದಾಖಲೆಯೆಂಬುದು ಒಂದೇ ನಿಯಮಕ್ಕೆ ತಲೆಬಾಗಿದವರು ಪರಸ್ಪರ ಒಪ್ಪಿಕೊಂಡ ವಿಶ್ವಾಸ. ಆ ಒಪ್ಪಂದದ ಹೊರಗೆ ನಿಂತ ಸಾಧನೆ ಕಿರಿದಲ್ಲ. ಅದನ್ನು ಪರರ ಅಂಕಕ್ಕೆ ಇಳಿಸಿದಾಗಲೇ ಅದಕ್ಕೆ ಕುಂದು. ಐಕಳದ 13.62 ಐಕಳದ್ದಾಗಿಯೇ ಉಳಿಯಲಿ. ಅದರ ಮಾನ ಇರುವುದು ಅಲ್ಲಿಯೇ.